ಲೆಮ್ಕಿನ್ ಎಂಬ ವಕೀಲ ಮತ್ತು ಜನಾಂಗಹತ್ಯೆಯ ಕಾನೂನು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಜನಾಂಗವನ್ನೇ ಅಳಿಸಿಹಾಕಲು ಹೊರಡುವುದು ಘೋರ ಅಪರಾಧ ಅಂತ ಇವತ್ತು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ 1948ರ ಡಿಸೆಂಬರ್ ತನಕ ಯಾವ ಅಂತಾರಾಷ್ಟ್ರೀಯ ಒಪ್ಪಂದದಲ್ಲೂ ಹಾಗಂತ ಬರೆದಿರಲಿಲ್ಲ. ಅದನ್ನು ಹಟ ಹಿಡಿದು ಬರೆಸಿದವರು ರಫಾಯೆಲ್ ಲೆಮ್ಕಿನ್ ಎಂಬ ಪೋಲೆಂಡಿನ ವಕೀಲರು. ಅವರ ಬೆನ್ನಿಗೆ ಸರ್ಕಾರ ಇರಲಿಲ್ಲ, ಪಕ್ಷ ಇರಲಿಲ್ಲ, ದುಡ್ಡಂತೂ ಇರಲೇ ಇಲ್ಲ. ಈ ವಿಷಯ ಮಾತಿಗೆ ಬಂದಾಗ ಕಾನೂನು ಓದುವ ಹುಡುಗ ಹುಡುಗಿಯರು, ಪತ್ರಿಕೆಯನ್ನು ಗಮನವಿಟ್ಟು ಓದುವ ಹಿರಿಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಲೆಮ್ಕಿನ್ ಯಾರು? ಎಲ್ಲಿಯವರು?

1900ರ ಜೂನ್ 24ರಂದು ವೊಲ್ಕೊವಿಸ್ಕ್ ಊರಿನ ಹತ್ತಿರ ಒಂದು ಯಹೂದಿ ರೈತ ಕುಟುಂಬದಲ್ಲಿ ಹುಟ್ಟಿದರು. ಆಗ ಅದು ರಷ್ಯಾ ಸಾಮ್ರಾಜ್ಯದ ಭಾಗ. ಆಮೇಲೆ ಪೋಲೆಂಡ್ ಆಯಿತು, ಈಗ ಬೆಲಾರುಸ್. ತಾಯಿ ಬೆಲ್ಲಾ ಮನೆಯಲ್ಲೇ ಪಾಠ ಹೇಳಿದರು. ಮುಂದೆ ಲ್ವೋವ್ ವಿಶ್ವವಿದ್ಯಾಲಯದಲ್ಲಿ ಓದಿದರು. ಆ ಊರು ಈಗ ಉಕ್ರೇನಿನ ಲ್ವಿವ್. ಮೊದಲು ಭಾಷಾಶಾಸ್ತ್ರ ಹಿಡಿದವರು ನಂತರ ಕಾನೂನಿಗೆ ಬಂದರು. ವಾರ್ಸಾದಲ್ಲಿ ಸರ್ಕಾರಿ ವಕೀಲರಾಗಿದ್ದರು, ಆಮೇಲೆ ಸ್ವಂತ ವಕೀಲಿಕೆ ಮಾಡಿಕೊಂಡಿದ್ದರು. ಮದುವೆಯಾಗಲಿಲ್ಲ.

ಈ ಯೋಚನೆ ಅವರ ತಲೆಗೆ ಬಂದಿದ್ದು ಹೇಗೆ? ಹಿಟ್ಲರ್‌ನಿಂದಲಾ?

ಹೆಚ್ಚಿನವರು ಹಾಗೇ ಅಂದುಕೊಂಡಿದ್ದಾರೆ. ಅಲ್ಲ. ಹಿಟ್ಲರ್ ಅಧಿಕಾರಕ್ಕೆ ಬರುವ ಎಷ್ಟೋ ವರ್ಷ ಮೊದಲೇ ಈ ಪ್ರಶ್ನೆ ಅವರನ್ನು ಕಾಡಲು ಶುರುವಾಗಿತ್ತು.

1921ರ ಮಾರ್ಚ್ 15ರಂದು ಬರ್ಲಿನ್ ನಗರದ ನಡುಬೀದಿಯಲ್ಲಿ ಸೊಗೊಮೊನ್ ತೆಹ್ಲಿರಿಯನ್ ಎಂಬ ಅರ್ಮೇನಿಯನ್ ಯುವಕ ತಲಾತ್ ಪಾಶಾನನ್ನು ಗುಂಡಿಟ್ಟು ಕೊಂದ. ಈ ತಲಾತ್ 1915ರಲ್ಲಿ ಒಟ್ಟೋಮನ್ ಸಾಮ್ರಾಜ್ಯದ ಒಳಾಡಳಿತ ಸಚಿವ. ಅರ್ಮೇನಿಯನ್ನರನ್ನು ಊರು ಬಿಡಿಸಿ ಮರುಭೂಮಿ ಕಡೆಗೆ ಅಟ್ಟಿದ್ದು, ಲಕ್ಷಗಟ್ಟಲೆ ಜನ ಸತ್ತಿದ್ದು ಇವನ ಆಡಳಿತದಲ್ಲಿ. ಯುದ್ಧ ಸೋತ ಮೇಲೆ ಜರ್ಮನಿಗೆ ಓಡಿಬಂದು ಆರಾಮಾಗಿ ಇದ್ದ. ತೆಹ್ಲಿರಿಯನ್ ತನ್ನ ಮನೆಯವರನ್ನು ಆ ಕಾಲದಲ್ಲಿ ಕಳೆದುಕೊಂಡಿದ್ದವನು.

ಕೊಲೆ ಮಾಡಿದವನ ಮೇಲೆ ಮೊಕದ್ದಮೆ ನಡೆಯಿತು, ಅವನು ಬಿಡುಗಡೆಯೂ ಆದ. ವಿದ್ಯಾರ್ಥಿ ಲೆಮ್ಕಿನ್‌ಗೆ ತಲೆಯಲ್ಲಿ ಉಳಿದಿದ್ದು ಬೇರೆ ಪ್ರಶ್ನೆ. ಒಬ್ಬನನ್ನು ಕೊಂದವನನ್ನು ಹಿಡಿಯೋಕೆ ಕಾನೂನಿದೆ. ಲಕ್ಷಗಟ್ಟಲೆ ಜನರನ್ನು ಕೊಲ್ಲಿಸಿದವನನ್ನು ಯಾಕೆ ಯಾರೂ ಹಿಡಿಯಲಿಲ್ಲ?

ತಮ್ಮ ಪ್ರಾಧ್ಯಾಪಕರನ್ನೇ ಹೋಗಿ ಕೇಳಿದರು. ಅವರು ಕೊಟ್ಟ ಉತ್ತರವನ್ನು ಲೆಮ್ಕಿನ್ ಜೀವನಪೂರ್ತಿ ಮರೆಯಲಿಲ್ಲ. ಒಬ್ಬ ರೈತ ಕೋಳಿ ಸಾಕಿಕೊಂಡಿದ್ದಾನೆ ಅಂತಿಟ್ಟುಕೊ. ಅವನ ಕೋಳಿ ಅವನು ಕೊಯ್ಯುತ್ತಾನೆ. ಅದನ್ನು ಕೇಳೋಕೆ ನೀನ್ಯಾರು? ಕೇಳೋಕೆ ಹೋದರೆ ತಪ್ಪು ನಿನ್ನದೇ ಆಗುತ್ತೆ. ಒಂದು ದೇಶ ತನ್ನ ಪ್ರಜೆಗಳ ಜೊತೆ ಏನು ಮಾಡುತ್ತದೆ ಅನ್ನೋದೂ ಹಾಗೇ, ಅದು ಆ ದೇಶದ ವಿಷಯ. ಲೆಮ್ಕಿನ್ ಅದಕ್ಕೆ, ಅರ್ಮೇನಿಯನ್ನರು ಕೋಳಿಗಳಲ್ಲವಲ್ಲ, ಅಂದರು.

ಆ ಪ್ರಾಧ್ಯಾಪಕರು ಕ್ರೂರಿಯಾಗಿರಲಿಲ್ಲ. ಅಂದಿನ ಕಾನೂನು ಏನಿತ್ತೋ ಅದನ್ನೇ ಹೇಳಿದರು. ನನ್ನ ಪ್ರಕಾರ ಲೆಮ್ಕಿನ್ ಮುಂದೆ ಮಾಡಿದ ಕೆಲಸವೆಲ್ಲ ಈ ಒಂದು ಮಾತಿಗೆ ಕೊಟ್ಟ ಉತ್ತರ. ಪ್ರಜೆಗಳು ಆಳುವವನ ಆಸ್ತಿಯಲ್ಲ, ಹೊರಗಿನವರಿಗೂ ಕೇಳುವ ಹಕ್ಕಿದೆ, ಅಷ್ಟೇ ಅಲ್ಲ, ಕೇಳಲೇಬೇಕಾದ ಹೊಣೆ ಇದೆ ಅಂತ ಕಾನೂನಿನಲ್ಲಿ ಬರೆಸಬೇಕಾಗಿತ್ತು.

ಮೊದಲ ಪ್ರಯತ್ನ ಯಾವುದು?

1933ರಲ್ಲಿ ಮ್ಯಾಡ್ರಿಡ್‌ನಲ್ಲಿ ದಂಡ ಕಾನೂನು ತಜ್ಞರ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದಕ್ಕೆ ಲೆಮ್ಕಿನ್ ಎರಡು ಹೊಸ ಅಪರಾಧಗಳ ಪ್ರಸ್ತಾವ ಬರೆದರು. ಜನಾಂಗ ಅಥವಾ ಧರ್ಮದ ಕಾರಣಕ್ಕೆ ಒಂದು ಗುಂಪನ್ನು ನಾಶ ಮಾಡುವುದಕ್ಕೆ 'ಬಾರ್ಬರಿಟಿ' ಅಂದರು. ಆ ಗುಂಪಿನ ಕಲೆ, ಗ್ರಂಥ, ಗುಡಿಗಳನ್ನು ನಾಶ ಮಾಡುವುದಕ್ಕೆ 'ವ್ಯಾಂಡಲಿಸಂ' ಅಂದರು. ಇಂಥವರನ್ನು ಯಾವ ದೇಶದಲ್ಲಿ ಹಿಡಿದರೂ ಅಲ್ಲೇ ವಿಚಾರಣೆ ಮಾಡಬಹುದು ಅನ್ನೋದು ಅವರ ವಾದ.

ಪೋಲೆಂಡ್ ಸರ್ಕಾರ ಅವರನ್ನು ಮ್ಯಾಡ್ರಿಡ್‌ಗೆ ಹೋಗಲು ಬಿಡಲಿಲ್ಲ. ಜರ್ಮನಿಯ ಜೊತೆ ಸಂಬಂಧ ಕೆಡಿಸಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ. ಬರೆದದ್ದನ್ನು ಅಲ್ಲಿ ಹಂಚಿದರು, ಆದರೆ ಏನೂ ಆಗಲಿಲ್ಲ. ಮುಂದಿನ ವರ್ಷ ಲೆಮ್ಕಿನ್ ಸರ್ಕಾರಿ ಕೆಲಸವನ್ನೂ ಬಿಡಬೇಕಾಯಿತು.

ಯುದ್ಧ ಶುರುವಾದಾಗ ಹೇಗೆ ಬದುಕಿಕೊಂಡರು?

1939ರ ಸೆಪ್ಟೆಂಬರ್‌ನಲ್ಲಿ ಜರ್ಮನರು ವಾರ್ಸಾ ಮೇಲೆ ಬಾಂಬ್ ಹಾಕಿದಾಗ ಊರು ಬಿಟ್ಟರು. ಕಾಡುಮೇಡು ಸುತ್ತಿ ಅಪ್ಪ ಅಮ್ಮನ ಮನೆ ತಲುಪಿದರು. ನೀವೂ ಹೊರಡಿ ಅಂದರೆ ಹಿರಿಯರು ಒಪ್ಪಲಿಲ್ಲ. ಅವರು ಹೆತ್ತವರನ್ನು ನೋಡಿದ್ದು ಅದೇ ಕೊನೆ. ಲಿಥುವೇನಿಯಾ ದಾಟಿ ಸ್ವೀಡನ್‌ಗೆ ಹೋದರು. ಅಲ್ಲಿ ಸ್ವೀಡಿಷ್ ಕಲಿತು ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಟ್ಟರು. 1941ರಲ್ಲಿ ಮಾಸ್ಕೋ, ಸೈಬೀರಿಯಾ ರೈಲು, ಜಪಾನ್, ಪೆಸಿಫಿಕ್ ಸಾಗರ, ಸಿಯಾಟಲ್ ಹೀಗೆ ಭೂಮಿಯನ್ನೇ ಸುತ್ತು ಹಾಕಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಬಂದರು. ಪೆಟ್ಟಿಗೆಯಲ್ಲಿ ಜರ್ಮನ್ ಸರ್ಕಾರದ ಆದೇಶಗಳ ಕಟ್ಟು ಇತ್ತು.

ಆ ಆದೇಶಗಳಲ್ಲಿ ಅಂಥದ್ದೇನಿತ್ತು?

ಇಲ್ಲಿಯೇ ಲೆಮ್ಕಿನ್ ಅವರ ವಕೀಲ ಬುದ್ಧಿ ಎದ್ದು ಕಾಣುವುದು. ಸ್ವೀಡನ್‌ನಲ್ಲಿದ್ದಾಗ, ಹಿಂದೆ ತಮಗೆ ಕಕ್ಷಿದಾರರಾಗಿದ್ದ ಒಂದು ಕಂಪನಿಯ ನೆರವಿನಿಂದ ನಾಜಿಗಳು ಗೆದ್ದುಕೊಂಡ ದೇಶಗಳ ಸರ್ಕಾರಿ ಗೆಜೆಟ್‌ಗಳನ್ನು ತರಿಸಿಕೊಂಡರು. ಗುಟ್ಟಿನ ಕಾಗದಗಳಲ್ಲ ಇವು. ಎಲ್ಲರೂ ಓದಲಿ ಅಂತಲೇ ಅಚ್ಚು ಹಾಕಿಸಿದ ಕಾಯಿದೆ, ನಿಯಮ, ಸುತ್ತೋಲೆಗಳು. ಒಂದೊಂದಾಗಿ ಓದಿದರೆ ನಮ್ಮ ತಾಲ್ಲೂಕು ಕಚೇರಿಯ ನೋಟಿಸಿನಷ್ಟೇ ಸಪ್ಪೆ. ಲೆಮ್ಕಿನ್ ಎಲ್ಲವನ್ನೂ ಒಟ್ಟಿಗೆ ಇಟ್ಟು ಓದಿದರು.

ಆಹಾರದ ರೇಷನ್ನನ್ನೇ ನೋಡಿ. ಯಾವ ಜನಾಂಗದವನಿಗೆ ಎಷ್ಟು ಅಂತ ಲೆಕ್ಕ ಇತ್ತು. ಮಾಂಸದ ರೇಷನ್‌ನಲ್ಲಿ ಜರ್ಮನರಿಗೆ ಎಲ್ಲರಿಗಿಂತ ಹೆಚ್ಚು. ಪೋಲರಿಗೆ, ಸೆರ್ಬರಿಗೆ ಅದಕ್ಕಿಂತ ಎಷ್ಟೋ ಕಡಿಮೆ. ಯಹೂದಿಗಳಿಗೆ ಸೊನ್ನೆ. ಇನ್ನೊಂದು ಕಡೆ, ಜರ್ಮನಿಗೆ ಸೇರಿಸಿಕೊಂಡ ಪೋಲಿಷ್ ಪ್ರದೇಶದಲ್ಲಿ ಪೋಲರು ಮದುವೆಯಾಗಬೇಕಾದರೆ ಅಧಿಕಾರಿಯ ಅಪ್ಪಣೆ ಬೇಕು. ಅದೇ ನಾರ್ವೆ, ಹಾಲೆಂಡಿನ ಹೆಂಗಸರು ಜರ್ಮನ್ ಸೈನಿಕರಿಂದ ಮಕ್ಕಳನ್ನು ಪಡೆದರೆ ಭತ್ಯೆ. ಪೋಲಿಷ್ ಹುಡುಗರು ಕೈಕಸುಬು ಕಲಿಯಬಹುದು, ಸಾಹಿತ್ಯ ಇತಿಹಾಸ ಓದುವಂತಿಲ್ಲ.

ಯಾರು ಹುಟ್ಟಬೇಕು, ಯಾರು ಉಣ್ಣಬೇಕು, ಯಾರು ಓದಬೇಕು ಅಂತ ಸರ್ಕಾರವೇ ತೀರ್ಮಾನ ಮಾಡುತ್ತಿತ್ತು. ಕೊಲ್ಲುವುದು ಇದರ ಒಂದು ಭಾಗ ಮಾತ್ರ ಅಂತ ಲೆಮ್ಕಿನ್ ತೋರಿಸಿದರು. ಅದಕ್ಕೆ ಮೊದಲೇ ಭಾಷೆ, ದೇವಸ್ಥಾನ, ಜೀವನೋಪಾಯ, ಕುಟುಂಬ ಎಲ್ಲಕ್ಕೂ ಕತ್ತರಿ ಬಿದ್ದಿರುತ್ತದೆ. ಇದನ್ನು ಮೊದಲೇ ಗುರುತಿಸಿದರೆ ತಡೆಯಬಹುದು ಅನ್ನೋದು ಅವರ ಆಸೆ.

1944ರ ನವೆಂಬರ್‌ನಲ್ಲಿ ಇದೆಲ್ಲ ಸುಮಾರು 700 ಪುಟದ ಪುಸ್ತಕವಾಗಿ ಬಂತು. ಅದರ ಒಂಬತ್ತನೇ ಅಧ್ಯಾಯದಲ್ಲಿ 'ಜೆನೊಸೈಡ್', ಅಂದರೆ ಜನಾಂಗಹತ್ಯೆ, ಎಂಬ ಹೆಸರನ್ನು ಮೊದಲ ಸಲ ಅಚ್ಚಿನಲ್ಲಿ ಬಳಸಿದರು. ಜನಾಂಗ ಅನ್ನುವ ಗ್ರೀಕ್ ಮಾತು, ಕೊಲ್ಲು ಅನ್ನುವ ಲ್ಯಾಟಿನ್ ಮಾತು ಸೇರಿಸಿ ಮಾಡಿದ ಪದ.

ನ್ಯೂರೆಂಬರ್ಗ್ ವಿಚಾರಣೆಯಲ್ಲೇ ನಾಜಿ ನಾಯಕರಿಗೆ ಶಿಕ್ಷೆ ಆಯಿತಲ್ಲ, ಮತ್ತೆ ಹೊಸ ಕಾನೂನು ಯಾಕೆ?

ಒಳ್ಳೆಯ ಪ್ರಶ್ನೆ. 1945ರ ಅಕ್ಟೋಬರ್‌ನ ಆರೋಪಪಟ್ಟಿಯಲ್ಲಿ ಜೆನೊಸೈಡ್ ಪದ ಬಂತು, ಅದಕ್ಕೆ ಲೆಮ್ಕಿನ್ ಓಡಾಟವೇ ಕಾರಣ. ಆದರೆ 1946ರ ತೀರ್ಪಿನಲ್ಲಿ ಆ ಪದವೇ ಇಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಆ ನ್ಯಾಯಮಂಡಳಿ ಯುದ್ಧದ ಜೊತೆ ನಂಟಿರುವ ಅಪರಾಧಗಳನ್ನಷ್ಟೇ ವಿಚಾರಿಸಿತು. ಹಾಗಾಗಿ 1939ರ ಸೆಪ್ಟೆಂಬರ್‌ಗೆ ಮೊದಲು ಹಿಟ್ಲರ್ ತನ್ನದೇ ದೇಶದ ಯಹೂದಿಗಳಿಗೆ ಮಾಡಿದ್ದು ತೀರ್ಪಿನ ಹೊರಗೇ ಉಳಿಯಿತು. ಶಾಂತಿಯ ಕಾಲದಲ್ಲಿ ಒಬ್ಬ ದೊರೆ ತನ್ನ ಪ್ರಜೆಗಳನ್ನು ಕೊಂದರೆ ಕೇಳುವವರು ಆಗಲೂ ಇಲ್ಲ. ಕೋಳಿಯ ವಾದ ಹಾಗೇ ನಿಂತಿತ್ತು. ತೀರ್ಪು ಬಂದ ದಿನವನ್ನು ತಮ್ಮ ಬದುಕಿನ ಅತಿ ಕರಾಳ ದಿನ ಅಂತ ಲೆಮ್ಕಿನ್ ಕರೆದರು.

ಹೆತ್ತವರು ಏನಾದರು ಅನ್ನೋದು ಅವರಿಗೆ ಖಚಿತವಾಗಿ ತಿಳಿದಿದ್ದೂ ಯುದ್ಧ ಮುಗಿದ ಮೇಲೆ. ಕುಟುಂಬದ 49 ಮಂದಿಯನ್ನು ಕಳೆದುಕೊಂಡಿದ್ದರು. ಅಣ್ಣತಮ್ಮಂದಿರಲ್ಲಿ ಎಲಿಯಾಸ್ ಒಬ್ಬರು, ಅವರ ಹೆಂಡತಿ ಮಕ್ಕಳು ಉಳಿದುಕೊಂಡರು.

'ಮಾನವತೆಯ ವಿರುದ್ಧದ ಅಪರಾಧ'ಕ್ಕೂ ಇದಕ್ಕೂ ಏನು ವ್ಯತ್ಯಾಸ?

ಮಾನವತೆಯ ವಿರುದ್ಧದ ಅಪರಾಧ ಅಂದಾಗ ಕಾನೂನು ನೋಡುವುದು ವ್ಯಕ್ತಿಗಳನ್ನು. ನಾಗರಿಕರ ಮೇಲೆ ದೊಡ್ಡ ಮಟ್ಟದ, ವ್ಯವಸ್ಥಿತ ದಾಳಿ ಆಗಿದೆಯಾ ಅಂತ ಕೇಳುತ್ತದೆ. ಜನಾಂಗಹತ್ಯೆಯಲ್ಲಿ, ಆ ಜನ ಆ ಗುಂಪಿಗೆ ಸೇರಿದವರು ಅನ್ನೋ ಕಾರಣಕ್ಕೇ ಗುಂಪನ್ನು ಇಲ್ಲವಾಗಿಸುವ ಉದ್ದೇಶ ಇತ್ತಾ ಅಂತ ಕೇಳುತ್ತದೆ. ಮೊದಲನೆಯದನ್ನು ನ್ಯೂರೆಂಬರ್ಗ್ ಕಾನೂನಿಗೆ ತಂದವರಲ್ಲಿ ಮುಖ್ಯರು ಕಾನೂನು ಪಂಡಿತ ಹರ್ಷ್ ಲೌಟರ್‌ಪಾಕ್ಟ್. ಅವರೂ ಲ್ವೋವ್‌ನಲ್ಲೇ ಓದಿದವರು, ಅವರ ಮನೆಯವರೂ ನಾಜಿಗಳ ಕೈಯಲ್ಲಿ ಸತ್ತರು. ಒಂದೇ ವಿಶ್ವವಿದ್ಯಾಲಯ, ಒಂದೇ ದುಃಖ, ಎರಡು ದಾರಿ. ಗುಂಪಿಗೆ ಒತ್ತು ಕೊಟ್ಟರೆ ಗುಂಪು ಗುಂಪುಗಳ ನಡುವಿನ ಕಂದಕ ಇನ್ನೂ ಜಾಸ್ತಿ ಆಗುತ್ತದೆ ಅನ್ನೋದು ಲೌಟರ್‌ಪಾಕ್ಟ್ ಕಡೆಯವರ ಆತಂಕ. ತಳ್ಳಿಹಾಕುವ ಮಾತಲ್ಲ ಅದು. ಆದರೂ ಒಬ್ಬನನ್ನು ಅವನ ಹುಟ್ಟಿನ ಕಾರಣಕ್ಕೇ ಕೊಂದಿರುವಾಗ ಆ ಕಾರಣವನ್ನು ಕಾನೂನು ಹೆಸರಿಸದೇ ಹೋದರೆ ಅರ್ಧ ಸತ್ಯ ಹೇಳಿದ ಹಾಗೆ ಅಂತ ನನಗನ್ನಿಸುತ್ತದೆ.

ವಿಶ್ವಸಂಸ್ಥೆಯಲ್ಲಿ ಇದು ಹೇಗೆ ಪಾಸಾಯಿತು? ಭಾರತದ ಪಾತ್ರ ಇತ್ತಾ?

ಖಂಡಿತ ಇತ್ತು. ನಮ್ಮಲ್ಲಿ ತುಂಬಾ ಜನಕ್ಕೆ ಇದು ಗೊತ್ತಿಲ್ಲ ಅನ್ನೋದೇ ಬೇಜಾರು.

1946ರ ಕೊನೆಗೆ ಸಾಮಾನ್ಯ ಸಭೆ ನ್ಯೂಯಾರ್ಕ್ ಕಡೆ ಸೇರಿತ್ತು. ಲೆಮ್ಕಿನ್ ಯಾವ ದೇಶದ ಪ್ರತಿನಿಧಿಯೂ ಅಲ್ಲ. ಜನಾಂಗಹತ್ಯೆ ಅಪರಾಧ ಅನ್ನುವ ನಿರ್ಣಯದ ಕರಡನ್ನು ತಾವೇ ಬರೆದುಕೊಂಡು ಪ್ರತಿನಿಧಿಗಳು ಕೂರುವ ಕಡೆ, ಓಡಾಡುವ ಕಡೆ ಕಾದು ನಿಂತರು. ದೊಡ್ಡ ದೇಶಗಳ ಹತ್ತಿರ ಮೊದಲು ಹೋಗಲಿಲ್ಲ. ಪನಾಮಾದ ರಿಕಾರ್ಡೊ ಅಲ್ಫಾರೊ, ಕ್ಯೂಬಾದ ಎರ್ನೆಸ್ಟೊ ದಿಹಿಗೊ, ಭಾರತದ ನಿಯೋಗದ ಮುಖ್ಯಸ್ಥೆ ವಿಜಯಲಕ್ಷ್ಮಿ ಪಂಡಿತ್ ಅವರ ಬೆಂಬಲ ಗಿಟ್ಟಿಸಿದರು. ಈ ಮೂರು ದೇಶಗಳ ಹೆಸರಿನಲ್ಲೇ ನಿರ್ಣಯ ಮಂಡನೆಯಾಯಿತು. ಡಿಸೆಂಬರ್ 11ರಂದು ಯಾರ ವಿರೋಧವೂ ಇಲ್ಲದೆ ಅಂಗೀಕಾರವಾಯಿತು.

ನಮಗಾಗ ಸ್ವಾತಂತ್ರ್ಯ ಕೂಡ ಬಂದಿರಲಿಲ್ಲ, ಮಧ್ಯಂತರ ಸರ್ಕಾರ ಇತ್ತು. ಅದೇ ಅಧಿವೇಶನದಲ್ಲಿ ದಕ್ಷಿಣ ಆಫ್ರಿಕದ ಭಾರತೀಯರಿಗೆ ಆಗುತ್ತಿದ್ದ ಅನ್ಯಾಯವನ್ನೂ ಭಾರತ ಎತ್ತಿತ್ತು. ಅದು ನಮ್ಮ ಒಳಗಿನ ವಿಷಯ, ನೀವು ಕೇಳಬೇಡಿ ಅಂತ ದಕ್ಷಿಣ ಆಫ್ರಿಕ ಹೇಳಿತ್ತು. ಲೆಮ್ಕಿನ್ 25 ವರ್ಷದಿಂದ ಕೇಳುತ್ತಾ ಬಂದ ಉತ್ತರವೂ ಅದೇ ಅಲ್ವಾ? ಭಾರತ ಅವರ ಕೈ ಹಿಡಿದದ್ದು ಸಹಜವಾಗಿತ್ತು.

ಆದರೆ ನಿರ್ಣಯ ಅಂದರೆ ಒಪ್ಪಂದವಲ್ಲ. ಒಪ್ಪಂದದ ಕರಡು ಬರೆಯಲು 1947ರಲ್ಲಿ ಮೂವರು ತಜ್ಞರ ನೆರವು ಪಡೆದರು, ಲೆಮ್ಕಿನ್ ಅವರಲ್ಲೊಬ್ಬರು. 1948ರ ಶರತ್ಕಾಲವಿಡೀ ಪ್ಯಾರಿಸ್‌ನಲ್ಲಿ ಒಂದೊಂದು ಸಾಲಿಗೂ ಜಗ್ಗಾಟ ನಡೆಯಿತು. ಲೆಮ್ಕಿನ್ ಹಗಲು ರಾಜತಾಂತ್ರಿಕರ ಬೆನ್ನು ಹತ್ತುತ್ತಿದ್ದರು, ರಾತ್ರಿ ಪತ್ರ ಬರೆಯುತ್ತಿದ್ದರು. ಅವರನ್ನು ಕಂಡರೆ ದಾರಿ ತಪ್ಪಿಸಿಕೊಂಡು ಓಡುವವರೂ ಇದ್ದರು. ಕೊನೆಗೆ ಡಿಸೆಂಬರ್ 9ರಂದು ಒಪ್ಪಂದ ಪಾಸಾಯಿತು. ಮಾನವ ಹಕ್ಕುಗಳ ಘೋಷಣೆ ಬಂದಿದ್ದು ಅದರ ಮಾರನೇ ದಿನ. ಲೆಮ್ಕಿನ್ ಆಸ್ಪತ್ರೆ ಸೇರಿದರು, ಮೈ ಅಷ್ಟು ದಣಿದಿತ್ತು.

ಎಷ್ಟು ಜನ ಸತ್ತರೆ ಜನಾಂಗಹತ್ಯೆ ಅನ್ನುತ್ತಾರೆ?

ಸಂಖ್ಯೆಯೇ ಇಲ್ಲ. ಉದ್ದೇಶವೇ ಮುಖ್ಯ. ರಾಷ್ಟ್ರೀಯ, ಬುಡಕಟ್ಟು ಮೂಲದ, ಜನಾಂಗೀಯ ಅಥವಾ ಧಾರ್ಮಿಕ ಗುಂಪೊಂದನ್ನು ಪೂರ್ತಿಯಾಗಿ ಅಥವಾ ಭಾಗಶಃ ನಾಶ ಮಾಡುವ ಉದ್ದೇಶ ಇರಬೇಕು. ಕೊಲ್ಲುವುದು ಒಂದು ದಾರಿ. ಮೈಗೆ ಮನಸ್ಸಿಗೆ ತೀವ್ರ ಹಾನಿ ಮಾಡುವುದು, ಬದುಕಲಾರದಂಥ ಪರಿಸ್ಥಿತಿ ತಂದಿಡುವುದು, ಮಕ್ಕಳು ಹುಟ್ಟದಂತೆ ತಡೆಯುವುದು, ಮಕ್ಕಳನ್ನು ಕಿತ್ತುಕೊಂಡು ಬೇರೆ ಗುಂಪಿಗೆ ಕೊಡುವುದು ಇವೂ ಸೇರುತ್ತವೆ. ಸಂಚು ಮಾಡಿದರೂ, ಬಹಿರಂಗವಾಗಿ ಚಿತಾಯಿಸಿದರೂ ಅಪರಾಧವೇ. ಹಾಗಾಗಿ ಸುಮ್ನೆ ಹೆಣ ಎಣಿಸಿ ಇದು ಹೌದು, ಇದು ಅಲ್ಲ ಅನ್ನೋಕಾಗಲ್ಲ. ಉದ್ದೇಶವನ್ನು ಸಾಬೀತು ಮಾಡುವುದೇ ಕೋರ್ಟಿನಲ್ಲಿ ಎಲ್ಲಕ್ಕಿಂತ ಕಷ್ಟ.

ಇನ್ನೊಂದು ಮಾತು. ಈ ಒಪ್ಪಂದದ ಹೆಸರಿನಲ್ಲೇ ಮೊದಲು ಬರುವುದು ತಡೆಗಟ್ಟುವಿಕೆ, ಶಿಕ್ಷೆ ಆಮೇಲೆ. ಚರ್ಚೆ ಮಾಡುವಾಗ ನಾವು ಶಿಕ್ಷೆಯನ್ನೇ ಹಿಡಿದುಕೊಳ್ಳುತ್ತೇವೆ. ಸಹಿ ಹಾಕಿದ ಪ್ರತಿ ದೇಶಕ್ಕೂ ತಡೆಯುವ ಹೊಣೆ ಇದೆ. ಬೋಸ್ನಿಯಾ ಮೊಕದ್ದಮೆಯಲ್ಲಿ 2007ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಸೆರ್ಬಿಯಾಗೆ ಇದೇ ಕಾರಣಕ್ಕೆ ತಪ್ಪು ಹೊರಿಸಿತು. ಬೋಸ್ನಿಯಾದ ಸ್ರೆಬ್ರೆನಿತ್ಸಾ ಊರಿನಲ್ಲಿ 1995ರಲ್ಲಿ ನಡೆದ ಮುಸ್ಲಿಮರ ಹತ್ಯೆಯನ್ನು ಸೆರ್ಬಿಯಾ ಮಾಡಿತು ಅಂತ ಹೇಳಲಿಲ್ಲ, ತಡೆಯಬಹುದಿತ್ತು, ತಡೆಯಲಿಲ್ಲ ಅಂತ ಹೇಳಿತು.

ಲೆಮ್ಕಿನ್ ಬಯಸಿದ್ದೆಲ್ಲ ಒಪ್ಪಂದದಲ್ಲಿ ಬಂತಾ?

ಇಲ್ಲ. ಎರಡು ದೊಡ್ಡ ತುಂಡುಗಳು ಉದುರಿಹೋದವು.

ಒಂದು, ಸಂಸ್ಕೃತಿಯ ನಾಶ. ಭಾಷೆ ನಿಷೇಧಿಸುವುದು, ಗ್ರಂಥ ಸುಡುವುದು, ಗುಡಿ ಕೆಡವುವುದು. ಲೆಮ್ಕಿನ್‌ಗೆ ಇದು ಜೀವಾಳ. ಆದರೆ ವಸಾಹತು ಇಟ್ಟುಕೊಂಡಿದ್ದ ದೇಶಗಳು, ಮೂಲನಿವಾಸಿಗಳನ್ನು ಒತ್ತಿ ನೆಲೆ ನಿಂತ ದೇಶಗಳು ಒಪ್ಪಲಿಲ್ಲ. ತೆಗೆಯಲು 25 ಮತ, ಉಳಿಸಲು 16. ಮಕ್ಕಳನ್ನು ಕಿತ್ತುಕೊಳ್ಳುವ ಅಂಶ ಮಾತ್ರ ಹೇಗೋ ಉಳಿಯಿತು. ಕನ್ನಡದಂಥ ಭಾಷೆಯಲ್ಲಿ ಬದುಕುವ ನಮಗೆ, ಭಾಷೆ ಹೋದರೆ ಏನು ಹೋಗುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕೆನಡಾದಲ್ಲಿ ಮೂಲನಿವಾಸಿ ಮಕ್ಕಳನ್ನು ವಸತಿಶಾಲೆಗಳಿಗೆ ಹಾಕಿ ಭಾಷೆ ಮರೆಸಿದ್ದನ್ನು ಅಲ್ಲಿನ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಸಾಂಸ್ಕೃತಿಕ ಜನಾಂಗಹತ್ಯೆ ಅಂತ ಕರೆಯಿತು. ಒಪ್ಪಂದದಲ್ಲಿ ಆ ಹೆಸರಿನ ಅಪರಾಧ ಇಲ್ಲ.

ಎರಡು, ರಾಜಕೀಯ ಗುಂಪುಗಳು. ಸೋವಿಯತ್ ಒಕ್ಕೂಟ ಇವನ್ನು ಸೇರಿಸುವುದನ್ನು ಬಲವಾಗಿ ವಿರೋಧಿಸಿತು, ಬೇರೆ ಕೆಲವು ದೇಶಗಳಿಗೂ ಬೇಕಿರಲಿಲ್ಲ. ಇದರ ಪರಿಣಾಮ ಕಾಂಬೋಡಿಯಾದಲ್ಲಿ ಕಂಡಿತು. 1975ರಿಂದ 1979ರ ನಡುವೆ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆಯ ಆಳ್ವಿಕೆಯಲ್ಲಿ 15 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಖ್ಮೇರರೇ, ಅಂದರೆ ಕೊಂದವರ ಜನಾಂಗದವರೇ. 2018ರಲ್ಲಿ ಜನಾಂಗಹತ್ಯೆ ಸಾಬೀತಾಗಿದ್ದು ವಿಯೆಟ್ನಾಮೀಯರು ಮತ್ತು ಚಾಮ್ ಮುಸ್ಲಿಮರ ವಿಷಯದಲ್ಲಿ ಮಾತ್ರ. ಉಳಿದದ್ದಕ್ಕೆ ಬೇರೆ ಅಪರಾಧಗಳ ಹೆಸರು ಹಚ್ಚಬೇಕಾಯಿತು.

ಒಪ್ಪಂದ ಸೇರಲು ಅಮೆರಿಕ ಯಾಕೆ 40 ವರ್ಷ ತಡ ಮಾಡಿತು?

ಭಯದಿಂದ. ಅಧ್ಯಕ್ಷ ಟ್ರೂಮನ್ 1949ರಲ್ಲೇ ಸೆನೆಟ್‌ಗೆ ಕಳಿಸಿದರು. ಕರಿಯರ ಮೇಲಿನ ದೌರ್ಜನ್ಯಕ್ಕೆ ಇದೇ ಕಾನೂನು ಹಿಡಿದು ಯಾರಾದರೂ ಪ್ರಶ್ನೆ ಕೇಳಿದರೆ ಅನ್ನೋದು ದಕ್ಷಿಣದ ಸೆನೆಟರ್‌ಗಳ ಚಿಂತೆ. ಕೇಳಿದರೂ ಕೂಡ. 1951ರಲ್ಲಿ ವಿಲಿಯಂ ಪ್ಯಾಟರ್ಸನ್, ಪಾಲ್ ರೋಬ್ಸನ್ ಮುಂತಾದ ಕರಿಯ ಹೋರಾಟಗಾರರು, ಅಮೆರಿಕದಲ್ಲಿ ಕರಿಯರ ಜನಾಂಗಹತ್ಯೆ ನಡೆಯುತ್ತಿದೆ ಅಂತ ವಿಶ್ವಸಂಸ್ಥೆಗೆ ಅರ್ಜಿ ಕೊಟ್ಟರು. ಲೆಮ್ಕಿನ್ ಅದನ್ನು ವಿರೋಧಿಸಿದರು. ತಾರತಮ್ಯ ಬೇರೆ, ಜನಾಂಗಹತ್ಯೆ ಬೇರೆ ಅಂದರು. ಸೆನೆಟ್ ಎಲ್ಲಿ ಮುನಿಸಿಕೊಳ್ಳುತ್ತದೋ ಅನ್ನೋ ಲೆಕ್ಕವೂ ಇತ್ತು. ಅವರ ಮೇಲೆ ನನಗೆಷ್ಟೇ ಗೌರವ ಇದ್ದರೂ ಈ ನಡೆಯನ್ನು ಒಪ್ಪಲಾಗುವುದಿಲ್ಲ. ಹಾಗೆ ಮಾಡಿದ್ದಕ್ಕೆ ಸೆನೆಟ್ ಕರಗಲೂ ಇಲ್ಲ.

1967ರಿಂದ ವಿಲಿಯಂ ಪ್ರಾಕ್ಸ್‌ಮೈರ್ ಎಂಬ ಸೆನೆಟರ್ ಸದನ ಸೇರಿದ ದಿನವೆಲ್ಲ ಈ ಒಪ್ಪಂದದ ಪರ ಒಂದು ಭಾಷಣ ಮಾಡಿದರು. ಒಟ್ಟು 3,211 ಭಾಷಣ. 1986ರಲ್ಲಿ ಸೆನೆಟ್ ಒಪ್ಪಿತು, 1988ರಲ್ಲಿ ಅಮೆರಿಕ ಸೇರಿತು.

ಲೆಮ್ಕಿನ್ ಕೊನೆಗೆ ಏನಾದರು?

ಒಪ್ಪಂದ ಜಾರಿಗೆ ಬರಲು 20 ದೇಶಗಳು ಬೇಕಿತ್ತು. ಮೊದಲು ಬಂದಿದ್ದು ಇಟಲಿಯ ದಾಳಿಯಲ್ಲಿ ನೊಂದಿದ್ದ ಇಥಿಯೋಪಿಯಾ. 1951ರ ಜನವರಿ 12ರಂದು ಜಾರಿಯಾಯಿತು. ಆಮೇಲೂ ಲೆಮ್ಕಿನ್ ಒಂದೊಂದೇ ದೇಶಕ್ಕೆ ಪತ್ರ ಬರೆಯುತ್ತಾ ಕೂತರು. ಪಾಠ ಹೇಳುವ ಕೆಲಸಗಳು ಕೈ ಜಾರಿದವು. ನ್ಯೂಯಾರ್ಕ್‌ನ ಒಂದು ಕೋಣೆಯಲ್ಲಿ ಸಾಲ ಸೋಲ ಮಾಡಿಕೊಂಡು ಬದುಕಿದರು. ನೊಬೆಲ್ ಶಾಂತಿ ಪ್ರಶಸ್ತಿಗೆ ಹಲವು ಸಲ ಹೆಸರು ಹೋಯಿತು, ಬರಲಿಲ್ಲ. 1959ರ ಆಗಸ್ಟ್ 28ರಂದು ಹೃದಯಾಘಾತದಿಂದ ತೀರಿಕೊಂಡರು. ಅಂತ್ಯಕ್ರಿಯೆಗೆ ಬೆರಳೆಣಿಕೆಯ ಜನ ಬಂದಿದ್ದರು.

ಭಾರತ 1949ರಲ್ಲೇ ಸಹಿ ಹಾಕಿದ್ದರೂ ಅದನ್ನು ಅನುಮೋದಿಸಿದ್ದು 1959ರ ಆಗಸ್ಟ್ 27ಕ್ಕೆ. ಅಂದರೆ ಅವರು ಸಾಯುವ ಹಿಂದಿನ ದಿನ.

ಈ ಕಾನೂನಿನಲ್ಲಿ ಯಾರಿಗಾದರೂ ಶಿಕ್ಷೆ ಆಗಿದೆಯಾ?

ಆಗಿದೆ, ಆದರೆ ಅಂತಾರಾಷ್ಟ್ರೀಯ ನ್ಯಾಯಮಂಡಳಿಯೊಂದು ಹಾಗೆ ತೀರ್ಪು ಕೊಡಲು 50 ವರ್ಷ ಹಿಡಿಯಿತು. 1994ರ ಟುಟ್ಸಿ ಜನರ ಹತ್ಯಾಕಾಂಡದ ವಿಷಯದಲ್ಲಿ ರುವಾಂಡಾದ ತಾಬಾ ಎಂಬ ಊರಿನ ಮೇಯರ್ ಜೀನ್ ಪಾಲ್ ಅಕಾಯೆಸು 1998ರ ಸೆಪ್ಟೆಂಬರ್ 2ರಂದು ತಪ್ಪಿತಸ್ಥನಾದ. ಅತ್ಯಾಚಾರವೂ ಜನಾಂಗಹತ್ಯೆಯ ಸಾಧನ ಆಗಬಲ್ಲದು ಅಂತ ಆ ತೀರ್ಪು ಹೇಳಿತು. ತೀರ್ಪು ಕೊಟ್ಟ ಪೀಠದಲ್ಲಿ ದಕ್ಷಿಣ ಆಫ್ರಿಕದ ತಮಿಳು ಮೂಲದ ನವನೀತಂ ಪಿಳ್ಳೈ ಇದ್ದರು. 2001ರಲ್ಲಿ ಸ್ರೆಬ್ರೆನಿತ್ಸಾ ಹತ್ಯೆಗಾಗಿ ಬೋಸ್ನಿಯನ್ ಸೆರ್ಬ್ ಜನರಲ್ ರಾದಿಸ್ಲಾವ್ ಕ್ರಿಸ್ಟಿಚ್‌ಗೆ ಶಿಕ್ಷೆಯಾಯಿತು.

ಭಾರತದ ಕಾನೂನಿನಲ್ಲಿ ಜನಾಂಗಹತ್ಯೆ ಪ್ರತ್ಯೇಕ ಅಪರಾಧವಾ?

ಅಲ್ಲ. ಒಪ್ಪಂದ ಸೇರಿದ ದೇಶ ತನ್ನಲ್ಲಿ ಕಾನೂನು ಮಾಡಬೇಕು ಅಂತ ಅದರಲ್ಲೇ ಇದೆ. ನಾವು ಮಾಡಿಲ್ಲ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇಲ್ಲ. 1984ರ ಸಿಖ್ಖರ ಹತ್ಯೆಗೆ ಸಂಬಂಧಿಸಿ ಸಜ್ಜನ್ ಕುಮಾರ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2018ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು. ಮಾನವತೆಯ ವಿರುದ್ಧದ ಅಪರಾಧವಾಗಲೀ ಜನಾಂಗಹತ್ಯೆಯಾಗಲೀ ನಮ್ಮ ದಂಡ ಕಾನೂನಿನಲ್ಲಿ ಇಲ್ಲ, ಈ ಕಿಂಡಿಯನ್ನು ತುರ್ತಾಗಿ ಮುಚ್ಚಬೇಕು ಅಂತ. ನಿರ್ಣಯ ಮಂಡಿಸಿದ ಮೂರು ದೇಶಗಳಲ್ಲಿ ಒಂದಾದ ನಮಗೆ ಈ ಬಾಕಿ ಶೋಭೆ ತರುವಂಥದ್ದಲ್ಲ.

ಯಾರು ಮೊಕದ್ದಮೆ ಹೂಡಬಹುದು? ಸಾಮಾನ್ಯ ಜನರಿಗೆ ಆಗುತ್ತಾ?

ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ದೇಶಗಳು ಮಾತ್ರ ಹೋಗಬಹುದು. ತನಗೇ ನೋವಾಗಿರಬೇಕು ಅಂತಿಲ್ಲ. ರೋಹಿಂಗ್ಯಾ ವಿಷಯದಲ್ಲಿ 2019ರಲ್ಲಿ ಮ್ಯಾನ್ಮಾರ್ ವಿರುದ್ಧ ಹೋದದ್ದು ಎಲ್ಲೋ ಪಶ್ಚಿಮ ಆಫ್ರಿಕದಲ್ಲಿರುವ ಪುಟ್ಟ ಗ್ಯಾಂಬಿಯಾ. ನಿನಗೇನು ಸಂಬಂಧ ಅಂತ ಮ್ಯಾನ್ಮಾರ್ ಆಕ್ಷೇಪ ಎತ್ತಿತು. 2022ರಲ್ಲಿ ಕೋರ್ಟ್ ಅದನ್ನು ತಳ್ಳಿಹಾಕಿತು. ಗಾಜಾ ವಿಷಯದಲ್ಲಿ ದಕ್ಷಿಣ ಆಫ್ರಿಕ 2023ರ ಡಿಸೆಂಬರ್‌ನಲ್ಲಿ ಇಸ್ರೇಲ್ ವಿರುದ್ಧ ಹೋಯಿತು, 2024ರ ಜನವರಿಯಲ್ಲಿ ಮಧ್ಯಂತರ ಆದೇಶ ಬಂತು. ಮಧ್ಯಂತರ ಆದೇಶ ಅಂದರೆ ಅಂತಿಮ ತೀರ್ಪಲ್ಲ. ಟಿವಿ ಚರ್ಚೆಗಳಲ್ಲಿ ಎರಡನ್ನೂ ಕಲಸಿಬಿಡುತ್ತಾರೆ, ಓದುವಾಗ ಎಚ್ಚರ ಇರಲಿ.

ಭಾರತದ ವಿಷಯದಲ್ಲಿ ಒಂದು ಷರತ್ತು ಇದೆ. ಒಪ್ಪಂದದ 9ನೇ ವಿಧಿಯಡಿ ತನ್ನನ್ನು ಆ ಕೋರ್ಟಿಗೆ ಎಳೆಯಬೇಕಾದರೆ ತನ್ನ ಒಪ್ಪಿಗೆ ಬೇಕು ಅಂತ ಭಾರತ ಸೇರುವಾಗಲೇ ಬರೆದುಕೊಟ್ಟಿದೆ.

ವ್ಯಕ್ತಿಗಳನ್ನು ವಿಚಾರಿಸುವುದು ಬೇರೆ ಕೋರ್ಟು, 2002ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ. ಅದರ ಪ್ರಾಸಿಕ್ಯೂಟರ್‌ಗೆ ಯಾರು ಬೇಕಾದರೂ ಮಾಹಿತಿ ಕಳಿಸಬಹುದು. ತನಿಖೆ ಮಾಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಭಾರತ ಆ ಕೋರ್ಟಿನ ಸದಸ್ಯ ಅಲ್ಲ.